ಆರೈಕೆ ಕೇಂದ್ರದಲ್ಲಿ ಆಲ್ಝೈಮರ್ಸ್: ಬೆಳಗಿನ ಸ್ನಾನದಿಂದ ರಾತ್ರಿ ಪಾಳಿಯವರೆಗೆ

ಆರೈಕೆ ಕೇಂದ್ರಗಳಲ್ಲಿ ದಿನವೂ ಕಾಣುವ ಗಲಾಟೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಒಬ್ಬರು ಸ್ನಾನಕ್ಕೆ ಒಲ್ಲೆ ಎಂದು ಕೈ ಎತ್ತುತ್ತಾರೆ, ಇನ್ನೊಬ್ಬರು ತಟ್ಟೆ ತಳ್ಳುತ್ತಾರೆ, ಮತ್ತೊಬ್ಬರು ಸಂಜೆ ಐದಾದರೆ ಗೇಟು ಹಿಡಿದು ನಿಲ್ಲುತ್ತಾರೆ. ರಿಜಿಸ್ಟರಿನಲ್ಲಿ ಇದೆಲ್ಲ ‘ಹಠ, ಸಹಕರಿಸುವುದಿಲ್ಲ’ ಎಂದು ದಾಖಲಾಗಿಬಿಡುತ್ತದೆ. ಕಾರಣ ಹುಡುಕುತ್ತ ಹೋದರೆ ಬಹುಪಾಲು ಎರಡು ಕಡೆ ಸಿಗುತ್ತದೆ: ಮೈಯಲ್ಲಿ ಬಾಯಿಬಿಟ್ಟು ಹೇಳಲಾಗದ ತೊಂದರೆ ಇರುತ್ತದೆ, ಇಲ್ಲವೇ ಆ ಹಿರಿಯರ ಅರವತ್ತು ಎಪ್ಪತ್ತು ವರ್ಷದ ರೂಢಿಗೆ ನಮ್ಮ ವೇಳಾಪಟ್ಟಿ ಅಡ್ಡ ಬಂದಿರುತ್ತದೆ. ಈ ಎರಡಕ್ಕೂ ಮಂಪರು ಬರಿಸುವ ಮಾತ್ರೆ ಮದ್ದಲ್ಲ.

ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ನೆನಪು, ಯೋಚನೆಯ ಶಕ್ತಿ ಕುಂದುತ್ತ ಹೋಗುವ ಸ್ಥಿತಿ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಡಿಮೆನ್ಶಿಯಾಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಆಲ್ಝೈಮರ್ಸ್. ಈ ರೋಗವಿರುವ ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರಕ್ಕೆ ಹೊಸದಾಗಿ ಸೇರುವ ಅಟೆಂಡರುಗಳಿಗೆ ಬಿಪಿ ನೋಡುವುದು, ಡೈಪರ್ ಬದಲಿಸುವುದು ಹೇಳಿಕೊಟ್ಟು ಪಾಳಿಗೆ ಹಾಕಿಬಿಡುವುದುಂಟು. ಅಷ್ಟರಿಂದ ಕೆಲಸ ನಡೆಯದು. ಉಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಸೇರುವ ದಿನವೇ ಒಂದು ಹಾಳೆ

ಅಡ್ಮಿಷನ್ ಫಾರಂನಲ್ಲಿ ಸಕ್ಕರೆ, ಬಿಪಿ, ಹಳೆಯ ಆಪರೇಷನ್ ಎಲ್ಲ ಇರುತ್ತದೆ. ಪಾಳಿಯವರಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಬೇರೆ ಹಾಳೆಯೊಂದನ್ನು ಬರೆಸಿ, ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ.

ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಕೆಲಸದ ಕಡೆ ಏನೆಂದು ಕರೆಯುತ್ತಿದ್ದರು ಎಂಬುದು ಮೊದಲ ಸಾಲು. ಮೂವತ್ತು ವರ್ಷ ಪಾಠ ಮಾಡಿದವರು ‘ತಾತ’ ಎಂದರೆ ತಿರುಗಿ ನೋಡದೆ ಇರಬಹುದು, ‘ಮೇಷ್ಟ್ರೇ’ ಎಂದರೆ ಎದ್ದು ಬರುತ್ತಾರೆ. ಯಾರನ್ನೂ ಬರಿ ಹೆಸರಿನಿಂದ ಕೂಗಬಾರದು, ಏಕವಚನವಂತೂ ಕೂಡದು. ರೋಗ ಎಷ್ಟೇ ಮುಂದುವರಿದಿದ್ದರೂ ದನಿಯಲ್ಲಿರುವ ಮರ್ಯಾದೆ ಅವರಿಗೆ ತಿಳಿಯುತ್ತದೆ.

ಆಮೇಲೆ ಇವಿಷ್ಟು: ಏಳುತ್ತಿದ್ದ ಹೊತ್ತು. ಸ್ನಾನ ಕಾಫಿಗೆ ಮುಂಚೆಯೋ ಆಮೇಲೋ. ದೇವರಿಗೆ ಕೈಮುಗಿಯದೆ ತಿನ್ನದವರೇ. ಈರುಳ್ಳಿ ಬೆಳ್ಳುಳ್ಳಿ, ಏಕಾದಶಿ, ರೋಜಾ. ಕೈಯಲ್ಲಿ ಊಟವೋ ಚಮಚವೋ. ಮಂಚದ ಯಾವ ಬದಿಯಿಂದ ಇಳಿದು ರೂಢಿ. ಕೈಗೆ ಅಭ್ಯಾಸವಾದ ಕೆಲಸ ಯಾವುದು: ಹೂ ಕಟ್ಟುವುದು, ಲೆಕ್ಕ ಬರೆಯುವುದು, ಬಟ್ಟೆ ಮಡಿಸುವುದು, ಅವರೆಕಾಳು ಬಿಡಿಸುವುದು. ಕನ್ನಡಕ, ಹಲ್ಲುಸೆಟ್, ಕಿವಿಯ ಮಷೀನು ಇದ್ದರೆ ಅವುಗಳ ಮೇಲೆ ಅಳಿಸದ ಪೆನ್ನಿನಲ್ಲಿ ಹೆಸರು. ಕೇಂದ್ರಗಳಲ್ಲಿ ಹಲ್ಲುಸೆಟ್‌ಗಳು ಅದಲು ಬದಲಾಗುವುದು ಸಾಮಾನ್ಯ. ಬೇರೆಯವರ ಸೆಟ್ ಹಾಕಿಸಿಕೊಂಡವರು ಊಟ ಬಿಡುತ್ತಾರೆ, ಏಕೆಂದು ಯಾರಿಗೂ ಹೊಳೆಯುವುದಿಲ್ಲ.

ಭಾಷೆಯ ಸಾಲನ್ನು ಬಿಡಬೇಡಿ. ರೋಗ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಸಡಿಲವಾಗಿ ತಾಯಿನುಡಿಯೇ ಉಳಿಯುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ನಲವತ್ತು ವರ್ಷ ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷಿನಲ್ಲಿ ವ್ಯವಹರಿಸಿದವರು ಈಗ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳುತ್ತಾರೆ. ನೋಡಿಕೊಳ್ಳುವ ಹುಡುಗಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದಿರುತ್ತಾಳೆ. ನೀರು, ಹಸಿವು, ನೋವು, ಸಾಕು, ಬೇಡ, ಬಿಸಿ, ಚಳಿ ಹೀಗೆ ಮೂವತ್ತು ಮಾತುಗಳನ್ನು ಹಿರಿಯರ ನುಡಿಯಲ್ಲಿ, ಆದರೆ ಆ ಹುಡುಗಿ ಓದುವ ಲಿಪಿಯಲ್ಲಿ ಬರೆದು ಅವಳ ಜೇಬಿಗೆ ಕೊಡಿ. ಮಲಮೂತ್ರಕ್ಕೆ ಅವರ ಮನೆಯ ಮಾತು ಏನು ಎಂದೂ ಕೇಳಿ ಬರೆಯಿರಿ. ‘ಹಿತ್ತಲಿಗೆ ಹೋಗಬೇಕು’, ‘ಹೊರಗಡೆಗೆ ಹೋಗಬೇಕು’ ಎಂದವರನ್ನು ತಪ್ಪಿಸಿಕೊಂಡು ಹೋಗುವವರು ಎಂದು ತಿಳಿದು ಕುರ್ಚಿಗೆ ಕೂರಿಸಿದರೆ ಹತ್ತು ನಿಮಿಷದಲ್ಲಿ ಬಟ್ಟೆ ಒದ್ದೆ, ಜೊತೆಗೆ ಜಗಳ.

ಮಾತಾಡುವ ಕ್ರಮ

ಹಿಂದಿನಿಂದಲೋ ಪಕ್ಕದಿಂದಲೋ ಮುಟ್ಟಬೇಡಿ, ನೋಟದ ಹರವು ಕಿರಿದಾಗಿರುತ್ತದೆ. ಎದುರಿಗೆ ಬಂದು, ಕುಳಿತವರಿದ್ದರೆ ನೀವೂ ತಗ್ಗಿ, ಕರೆದು, ಕಣ್ಣು ಸೇರಿದ ಮೇಲೆ ಒಂದೇ ಮಾತು ಹೇಳಿ. ಹತ್ತು ಸೆಕೆಂಡಾದರೂ ಕಾಯಿರಿ. ಉತ್ತರ ಬರಲಿಲ್ಲವೆಂದರೆ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಿ. ಬೇರೆ ಪದ ಬಳಸಿದರೆ ಅವರಿಗೆ ಅದು ಎರಡನೆಯ ಪ್ರಶ್ನೆಯಾಗುತ್ತದೆ.

‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬಾರದು. ‘ಆಗಲೇ ಹೇಳಿದೆನಲ್ಲ’ ಎನ್ನಬಾರದು. ‘ಯಜಮಾನರು ಎಲ್ಲಿ?’ ಎಂದು ಕೇಳುವ ಅಮ್ಮನಿಗೆ ‘ಅವರು ಹೋಗಿ ಹನ್ನೆರಡು ವರ್ಷವಾಯಿತು’ ಎಂದರೆ, ಆ ಸಾವಿನ ಸುದ್ದಿ ಅವರಿಗೆ ಅದೇ ಮೊದಲ ಸಲ ಬಂದಂತೆ. ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಅಷ್ಟೇ ಅಳುತ್ತಾರೆ. ‘ಅವರಿಗೆ ಏನು ಅಡುಗೆ ಇಷ್ಟ ಅಮ್ಮ?’ ಎಂದು ಅವರ ಬಗ್ಗೆಯೇ ಮಾತಿಗೆ ಕೂರಿಸಿ. ಇದನ್ನು ಸುಳ್ಳು ಹೇಳುವುದು ಎಂದು ಮನೆಯವರು ಒಮ್ಮೊಮ್ಮೆ ಬೇಸರಿಸಿಕೊಳ್ಳುತ್ತಾರೆ. ನಾವು ಸುಳ್ಳು ಹೇಳುತ್ತಿಲ್ಲ, ಅವರಿಗೆ ಬೇಕಾಗಿರುವ ಮಾತಾಡುತ್ತಿದ್ದೇವೆ ಎಂದು ಮನೆಯವರಿಗೂ ಬಿಡಿಸಿ ಹೇಳಬೇಕು.

ಸ್ನಾನ

ಅತಿ ಹೆಚ್ಚು ಪೆಟ್ಟು, ಪರಚು, ಅಳು ಇಲ್ಲಿಯೇ. ಕಾರಣಗಳು ಸ್ಪಷ್ಟ: ಗುರುತಿಲ್ಲದವರು ಬಟ್ಟೆ ಬಿಚ್ಚುತ್ತಾರೆ, ಚಳಿ ಆಗುತ್ತದೆ, ಷವರಿನ ನೀರು ಎಲ್ಲಿಂದಲೋ ತಲೆಯ ಮೇಲೆ ಸುರಿಯುತ್ತದೆ, ಬಿಳಿ ಟೈಲ್ಸಿನಲ್ಲಿ ನೆಲ ಎಲ್ಲಿ ಗೋಡೆ ಎಲ್ಲಿ ತಿಳಿಯುವುದಿಲ್ಲ.

ಕರೆತರುವ ಮೊದಲೇ ಎಲ್ಲ ಸಿದ್ಧವಿರಬೇಕು. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. 38ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು, ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ. ತುಂಬುವಾಗಿನ ನಲ್ಲಿಯ ಸದ್ದೂ ಹೆದರಿಸುತ್ತದೆ, ಆದ್ದರಿಂದ ಮುಂಚೆಯೇ ತುಂಬಿಸಿ. ಕಾಲಿಗೆ ರಬ್ಬರ್ ಇರುವ, ಬೆನ್ನಿಗೆ ಆಸರೆಯಿರುವ ಕುರ್ಚಿ, ಎರಡು ಟವೆಲ್, ಹಾಕುವ ಕ್ರಮದಲ್ಲೇ ಜೋಡಿಸಿದ ಬಟ್ಟೆ. ‘ಸ್ನಾನ ಮಾಡ್ತೀರಾ?’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರವೇ ಬರುವುದು. ‘ನೀರು ಕಾದಿದೆ ಅಮ್ಮ, ಬನ್ನಿ’ ಎಂದರೆ ಜೀವಮಾನವಿಡೀ ಕೇಳಿದ ಮಾತು, ಕಾಲು ತಾನಾಗಿ ಏಳುತ್ತದೆ.

ಪೂರ್ತಿ ಬಟ್ಟೆ ತೆಗೆಯಬೇಡಿ. ಹೆಗಲಿಗೊಂದು, ತೊಡೆಗೊಂದು ಟವೆಲ್ ಹೊದಿಸಿ, ತೊಳೆಯುವ ಭಾಗವನ್ನಷ್ಟೇ ಸರಿಸಿ. ಮೊದಲ ಚೊಂಬು ಪಾದಕ್ಕೆ. ಆಮೇಲೆ ಮೊಣಕಾಲು, ಕೈ, ಬೆನ್ನು. ತಲೆ ಕೊನೆಗೆ, ಇಲ್ಲವೇ ಇನ್ನೊಂದು ದಿನ. ಚೊಂಬನ್ನು ಅವರ ಕೈಗೇ ಕೊಡಿ. ಕೈ ಕೆಲಸದಲ್ಲಿದ್ದಾಗ ಹೊಡೆಯುವುದು ಕಡಿಮೆ, ಮಾಡುತ್ತಿರುವವರು ತಾವೇ ಎಂಬ ಧೈರ್ಯವೂ ಇರುತ್ತದೆ. ಎದೆಯ ಕೆಳಗೆ, ತೊಡೆಸಂದು, ಕಾಲ್ಬೆರಳ ಸಂದು ಒತ್ತಿ ಒರೆಸಿ, ಹುಳುಕಡ್ಡಿ ಶುರುವಾಗುವುದು ಅಲ್ಲೇ. ಹೆಂಗಸರಿಗೆ ಹೆಂಗಸರೇ ಸ್ನಾನ ಮಾಡಿಸಬೇಕು, ಇದರಲ್ಲಿ ರಾಜಿ ಬೇಡ.

ಒಲ್ಲೆ ಎಂದರೆ ಎಳೆಯಬೇಡಿ. ಅರ್ಧ ಗಂಟೆ ಬಿಟ್ಟು ಬೇರೊಬ್ಬರು ಕರೆಯಲಿ. ಆಗಲೂ ಆಗದಿದ್ದರೆ ಆ ದಿನ ಮುಖ, ಕಂಕುಳು, ತೊಡೆಸಂದು, ಪಾದ ಮಾತ್ರ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ವಾರಕ್ಕೆ ಎರಡು ಮೂರು ಪೂರ್ತಿ ಸ್ನಾನವಾದರೆ ಆರೋಗ್ಯಕ್ಕೆ ಕೊರತೆಯಿಲ್ಲ. ದಿನಾ ಆಗಲೇಬೇಕು ಎಂಬುದು ಕೇಂದ್ರದ ನಿಯಮ, ದೇಹದ್ದಲ್ಲ. ಎಣ್ಣೆಸ್ನಾನ ಬಹಳ ಹಿರಿಯರಿಗೆ ನೆಮ್ಮದಿ ಕೊಡುತ್ತದೆ, ಆದರೆ ಏಳಿಸುವ ಮೊದಲು ಅಂಗಾಲಿಗೂ ನೆಲಕ್ಕೂ ಸೋಪು ಹಾಕಿ ಎಣ್ಣೆ ಹೋಗುವಂತೆ ತೊಳೆಯಬೇಕು.

ಬಟ್ಟೆಯ ವಿಷಯ ಚಿಕ್ಕದಾಗಿ ಕಾಣುತ್ತದೆ, ಅಲ್ಲ. ಜೀವನಪೂರ್ತಿ ಸೀರೆ ಉಟ್ಟವರಿಗೆ ನೈಟಿ ಹಾಕಿದರೆ ಇಡೀ ದಿನ ಸೆರಗು ಹುಡುಕುತ್ತಿರುತ್ತಾರೆ. ನೋಡುವವರಿಗೆ ಅದು ಸುಮ್ಮನೆ ಬಟ್ಟೆ ಎಳೆದಾಡುವ ಚಾಳಿ. ಹೆಗಲ ಮೇಲೊಂದು ಹಗುರ ಟವೆಲ್ಲೋ ದುಪಟ್ಟವೋ ಹಾಕಿ, ಇಲ್ಲವೇ ಸೊಂಟಕ್ಕೆ ಎಲಾಸ್ಟಿಕ್ ಇಟ್ಟು ಹೊಲಿಸಿದ ಸೀರೆ ಉಡಿಸಿ. ಕುಂಕುಮ, ಬಳೆ, ಜನಿವಾರ, ಶಿವದಾರಗಳನ್ನು ಅನುಕೂಲಕ್ಕೆಂದು ತೆಗೆಯಬೇಡಿ.

ಊಟ

ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಅದರ ಮೇಲೆ ಮೊಸರು. ಆಲ್ಝೈಮರ್ಸ್‌ನಲ್ಲಿ ಬಣ್ಣದ ವ್ಯತ್ಯಾಸ ಗುರುತಿಸುವುದು ಕುಂದುವುದರಿಂದ ಅವರ ಕಣ್ಣಿಗೆ ಅಲ್ಲಿ ಊಟವೇ ಇಲ್ಲ. ಸ್ಟೀಲ್ ತಟ್ಟೆಯ ಹೊಳಪೂ ಕಣ್ಣು ಕೆಡಿಸುತ್ತದೆ. ಕೆಂಪು ಅಥವಾ ನೀಲಿಯ ಗಾಢ ತಟ್ಟೆ ಬಳಸಿದಾಗ ತಿನ್ನುವ ಪ್ರಮಾಣ ಹೆಚ್ಚಿತೆಂದು ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲಿ ಇದಕ್ಕಿಂತ ಸುಲಭವಾದದ್ದು ಬಾಳೆ ಎಲೆ: ಹಸಿರಿನ ಮೇಲೆ ಅನ್ನ ಎದ್ದು ಕಾಣುತ್ತದೆ, ಕೈ ತಾನಾಗಿ ಇಳಿಯುತ್ತದೆ.

ಚಮಚ ಕಂಡು ಗೊಂದಲವಾಗುವವರಿಗೆ ಕೈಯೂಟವೇ ಇರಲಿ. ಮೊದಲ ತುತ್ತನ್ನು ಅವರ ಬೆರಳುಗಳ ನಡುವೆ ಇಟ್ಟು ಬಾಯಿಯ ಕಡೆ ನಡೆಸಿದರೆ ಎರಡನೆಯದನ್ನು ಬಹಳ ಸಲ ತಾವೇ ಎತ್ತುತ್ತಾರೆ. ಒಂದೇ ಸಲಕ್ಕೆ ನಾಲ್ಕು ಬಗೆ ಬಡಿಸಬೇಡಿ, ಒಂದಾದ ಮೇಲೊಂದು. ಟಿವಿ ಆರಿಸಿ. ಕುಳಿತು ತಿನ್ನದೆ ಓಡಾಡುವವರ ಕೈಗೆ ಇಡ್ಲಿ ತುಂಡು, ಬಾಳೆಹಣ್ಣು, ಮೆತ್ತಗಿನ ಚಪಾತಿ ಸುರುಳಿ ಕೊಟ್ಟುಬಿಡಿ.

ನುಂಗುವುದು ಕಷ್ಟವಾಗುತ್ತಿರುವ ಗುರುತುಗಳಿವು: ಊಟದ ನಡುವೆ ಕೆಮ್ಮು, ನೀರು ಕುಡಿದ ಮೇಲೆ ದನಿ ಗೊರಗೊರ ಅನ್ನುವುದು, ದವಡೆಯಲ್ಲಿ ತುತ್ತು ಉಳಿಯುವುದು, ಮತ್ತೆ ಮತ್ತೆ ಜ್ವರ. ಆಗ ಮೊದಲು ನಿಲ್ಲಿಸಬೇಕಾದದ್ದು ಮುದ್ದೆ. ಹಳೇ ಮೈಸೂರು ಕಡೆಯ ಹಿರಿಯರಿಗೆ ಮುದ್ದೆಯನ್ನು ಅಗಿಯದೆ ನುಂಗಿ ರೂಢಿ. ಗಂಟಲಿನ ಹಿಡಿತ ತಪ್ಪಿದ ಮೇಲೂ ಆ ರೂಢಿ ಹೋಗಿರುವುದಿಲ್ಲ, ತುತ್ತು ಅಡ್ಡ ಸಿಕ್ಕಿಕೊಳ್ಳುತ್ತದೆ. ಅದೇ ರಾಗಿಯನ್ನು ಗಟ್ಟಿ ಅಂಬಲಿ ಮಾಡಿ ಕೊಡಿ, ರುಚಿಯೂ ಗುರುತಿನದೇ. ಮಂಡಕ್ಕಿ, ಅವಲಕ್ಕಿ ಒಗ್ಗರಣೆ, ಉದುರು ಉಪ್ಪಿಟ್ಟು, ಕಡಲೆಬೀಜ ಬೇಡ. ತಿಳಿಸಾರು ಅನ್ನವೂ ತೊಂದರೆಯದೇ: ನೀರು ಮೊದಲು ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಬಿಸಿಬೇಳೆಬಾತಿನ ಹದಕ್ಕೆ ಮಸೆದ ಊಟ ಒಳ್ಳೆಯದು.

ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಒಂದು ಸಲಕ್ಕೆ ಟೀ ಚಮಚದಷ್ಟು ಮಾತ್ರ. ಗಂಟಲಿನ ಗಂಟು ಮೇಲೆದ್ದು ಇಳಿದದ್ದನ್ನು ನೋಡಿ ಮುಂದಿನ ತುತ್ತು. ನಿಂತುಕೊಂಡು ತಿನ್ನಿಸಬೇಡಿ, ಅವರು ತಲೆ ಎತ್ತಿದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ. ಆದಮೇಲೆ ಬಾಯಿ ತೊಳೆಸಿ, ಅರ್ಧ ಗಂಟೆ ಮಲಗಿಸಬೇಡಿ.

ಬಾಯಾರಿಕೆ ಅವರಿಗೆ ತಿಳಿಯುವುದಿಲ್ಲ, ಕೇಳುವುದೂ ಇಲ್ಲ. ಹೃದಯ, ಮೂತ್ರಪಿಂಡದ ಕಾರಣಕ್ಕೆ ವೈದ್ಯರು ಮಿತಿ ಹೇಳಿರದಿದ್ದರೆ ದಿನಕ್ಕೆ ಒಟ್ಟು ಒಂದೂವರೆ ಲೀಟರ್ ಹೋಗಬೇಕು. ಒಂದೂವರೆ ಗಂಟೆಗೊಮ್ಮೆ ಅರ್ಧ ಲೋಟದಿಂದ ಮುಕ್ಕಾಲು ಲೋಟ, ಮಜ್ಜಿಗೆ, ಗಂಜಿ, ಸಾರು ಎಲ್ಲ ಲೆಕ್ಕಕ್ಕೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ. ಒಂದು ತಿಂಗಳಲ್ಲಿ ಶೇ. 5 ಅಥವಾ ಆರು ತಿಂಗಳಲ್ಲಿ ಶೇ. 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು.

ಶೌಚ

ಎರಡು ಗಂಟೆಗೊಮ್ಮೆ ಕರೆದೊಯ್ಯಿರಿ, ತಿಂಡಿ ಊಟವಾದ ಇಪ್ಪತ್ತು ನಿಮಿಷಕ್ಕೆ ತಪ್ಪದೆ. ಕುಕ್ಕರಗಾಲಲ್ಲಿ ಕೂತು ರೂಢಿಯಿದ್ದವರು ಕಮೋಡನ್ನು ಗುರುತಿಸದೆ ಮೂಲೆಯಲ್ಲೋ ಹೂಕುಂಡದಲ್ಲೋ ಹೋಗಬಹುದು, ಅಥವಾ ಕಮೋಡಿನ ಮೇಲೆ ಹತ್ತಲು ನೋಡಬಹುದು. ಎರಡನೆಯದು ಸೊಂಟ ಮುರಿಯುವ ದಾರಿ. ಸೀಟು ಗಾಢ ಬಣ್ಣದ್ದಿರಲಿ, ಪಕ್ಕದಲ್ಲಿ ಬಕೆಟ್ಟು ಚೊಂಬು ಕಣ್ಣಿಗೆ ಬೀಳಲಿ, ಬಾಗಿಲು ತೆರೆದಿಟ್ಟು ರಾತ್ರಿ ದೀಪ ಉರಿಯಲಿ. ಒಳಗಿನ ಚಿಲಕ ಹೊರಗಿನಿಂದ ತೆಗೆಯುವಂಥದ್ದಾಗಿರಬೇಕು.

ಸಂಜೆಯ ಹೊತ್ತು

ನಾಲ್ಕರಿಂದ ಏಳರವರೆಗೆ ಚಡಪಡಿಕೆ ಏರುತ್ತದೆ. ದಣಿವು, ಮಬ್ಬು ಬೆಳಕು, ಪಾಳಿ ಬದಲಾವಣೆಯ ಗದ್ದಲ ಎಲ್ಲ ಒಟ್ಟಿಗೆ ಬರುವ ಹೊತ್ತದು. ಚಪ್ಪಲಿ ಹಾಕಿ, ಚೀಲ ಹಿಡಿದು ಹೊರಟ ಹುಡುಗಿಯರನ್ನು ಕಂಡರೆ ತಾವೂ ಮನೆಗೆ ಹೊರಡಬೇಕೆನ್ನುತ್ತಾರೆ. ಆದ್ದರಿಂದ ಸಿಬ್ಬಂದಿ ಹಿಂಬಾಗಿಲಿನಿಂದ ಹೋಗಲಿ, ಪಾಳಿ ಬದಲಾವಣೆ ಮಧ್ಯಾಹ್ನ ಎರಡಕ್ಕೋ ರಾತ್ರಿ ಎಂಟಕ್ಕೋ ಇರಲಿ. ಕತ್ತಲಾಗುವ ಮುಂಚೆಯೇ ಎಲ್ಲ ದೀಪ ಹಾಕಿ, ಪರದೆ ಎಳೆಯಿರಿ: ಕತ್ತಲಾದ ಮೇಲೆ ಕಿಟಕಿ ಗಾಜಿನಲ್ಲಿ ಕಾಣುವ ತಮ್ಮದೇ ನೆರಳು ಯಾರೋ ಅಪರಿಚಿತರಾಗುತ್ತದೆ. ಕರೆಂಟು ಹೋದರೆ ಒಂದು ಕ್ಷಣವೂ ಕತ್ತಲಾಗದಂತೆ ಪಡಸಾಲೆಯ ದೀಪಗಳು ಯುಪಿಎಸ್‌ನಲ್ಲಿರಲಿ. ಕಾಫಿ, ಟೀ ಮೂರು ಗಂಟೆಗೆ ಕೊನೆ.

ದೀಪ ಹಚ್ಚುವ ಹೊತ್ತಿನ ರೂಢಿ ಬಹಳ ಮನೆಗಳಲ್ಲಿ ಇತ್ತಷ್ಟೆ. ಕೈಕಾಲು ತೊಳೆಸಿ, ದೀಪದೆದುರು ಕೂರಿಸಿ, ಗುರುತಿನ ಭಜನೆಯನ್ನೋ ವಚನವನ್ನೋ ದೊಡ್ಡದಾಗಿ ಹಾಡಿ. ಮಾತು ನಿಂತವರಿಗೂ ಹಾಡಿನ ಸಾಲು ಬರುತ್ತದೆ. ಮುಸ್ಲಿಂ, ಕ್ರೈಸ್ತ ಹಿರಿಯರಿಗೆ ಅವರವರ ಪ್ರಾರ್ಥನೆಯ ಹೊತ್ತು. ‘ಮನೆಗೆ ಹೋಗಬೇಕು’ ಎಂದವರಿಗೆ ‘ಇದೇ ನಿಮ್ಮ ಮನೆ’ ಎನ್ನಬೇಡಿ. ‘ಮನೆಯಲ್ಲಿ ಯಾರು ಕಾಯ್ತಿದ್ದಾರೆ?’ ಎನ್ನುತ್ತ ಜೊತೆಗೆ ಹತ್ತು ನಿಮಿಷ ಅಂಗಳ ಸುತ್ತಿ ಬನ್ನಿ.

ಇದ್ದಕ್ಕಿದ್ದಂತೆ ಬದಲಾದರೆ

ಆಲ್ಝೈಮರ್ಸ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹೆಚ್ಚುತ್ತ ಹೋಗುವ ರೋಗ. ನಿನ್ನೆ ಚೆನ್ನಾಗಿದ್ದವರು ಇಂದು ಕೂಗಾಡಿದರೆ, ಅಥವಾ ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಅದಕ್ಕೆ ಬೇರೆ ಕಾರಣವಿದೆ. ಮಂಪರಿನವರು ಗಲಾಟೆ ಮಾಡುವುದಿಲ್ಲವಾದ್ದರಿಂದ ‘ಇವತ್ತು ಶಾಂತವಾಗಿದ್ದಾರೆ’ ಎಂದು ಬಿಟ್ಟುಬಿಡುತ್ತಾರೆ. ಅದೇ ಹೆಚ್ಚು ಅಪಾಯ.

ಈ ಕ್ರಮದಲ್ಲಿ ನೋಡಿ. ಜ್ವರ, ನಾಡಿ, ಬಿಪಿ, ಆಕ್ಸಿಜನ್, ಗ್ಲುಕೋಮೀಟರಿನಲ್ಲಿ ಸಕ್ಕರೆ. ಕೊನೆಯ ಸಲ ಮೂತ್ರ ಯಾವಾಗ, ಕಿಬ್ಬೊಟ್ಟೆ ಉಬ್ಬಿದೆಯೇ, ಉರಿಯಿದೆಯೇ. ಮಲವಾಗಿ ಮೂರು ದಿನ ದಾಟಿದೆಯೇ. ಕಳೆದ ಕೆಲವು ವಾರದಲ್ಲಿ ಬಿದ್ದಿದ್ದಾರೆಯೇ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲಿ ತಲೆಯೊಳಗಿನ ರಕ್ತಸ್ರಾವ ವಾರಗಳ ನಂತರ ತೋರಿಕೊಳ್ಳಬಹುದು. ಹೊಸ ಮಾತ್ರೆ ಶುರುವಾಗಿದೆಯೇ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯೂಟಿನಿನ್, ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ಗೊಂದಲ ಹೆಚ್ಚಿಸುತ್ತವೆ, ಆಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಮಾಡುವ ಕೆಲಸಕ್ಕೆ ಎದುರಾಗಿ ನಡೆಯುತ್ತವೆ. ಕೇಂದ್ರದ ಡಬ್ಬಿಯಿಂದ ನೆಗಡಿ ಮಾತ್ರೆ ಎತ್ತಿಕೊಡುವುದನ್ನು ನಿಲ್ಲಿಸಿ.

ನೋವನ್ನು ಅವರು ಹೇಳಲಾರರು, ನಾವೇ ಓದಬೇಕು. ಉಸಿರಾಟ, ನರಳಿಕೆ, ಮುಖಭಾವ, ಮೈ ಬಿಗಿತ, ಸಮಾಧಾನಕ್ಕೆ ಒಗ್ಗುತ್ತಾರೋ ಇಲ್ಲವೋ ಎಂಬ ಐದನ್ನು ನೋಡಿ ಒಂದೊಂದಕ್ಕೆ 0ರಿಂದ 2ರವರೆಗೆ ಅಂಕ ಕೊಡುವ ‘ಪೈನಾಡ್’ ಮಾಪನ ಕಲಿಯಲು ಅರ್ಧ ಗಂಟೆ ಸಾಕು. ಹುಳುಕು ಹಲ್ಲು, ಒಳಗೆ ಬೆಳೆದ ಉಗುರು, ಮಂಡಿನೋವು ಸಿಕ್ಕಿದ್ದಕ್ಕೆ ವೈದ್ಯರ ಸಲಹೆಯಂತೆ ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ‘ಹೊಡೆಯುವ ಚಾಳಿ’ ನಿಂತದ್ದುಂಟು.

ಇಷ್ಟೆಲ್ಲ ಆದ ಮೇಲೆ ಉಳಿಯುವ ಉಗ್ರತೆಗೆ ಮಾತ್ರ ಮನೋರೋಗದ ಮಾತ್ರೆ, ಅದೂ ಅತಿ ಕಡಿಮೆ ಡೋಸಿನಲ್ಲಿ, ಆರು ವಾರದೊಳಗೆ ಮರುಪರಿಶೀಲನೆಯೊಂದಿಗೆ. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಈ ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ರಾತ್ರಿ ಪಾಳಿಗೆ ಜನ ಕಡಿಮೆ ಎಂಬುದು ಮಾತ್ರೆಗೆ ಕಾರಣವಾಗಬಾರದು. ದುಪಟ್ಟ, ಬೆಡ್‌ಶೀಟಿನಿಂದ ಕುರ್ಚಿಗೆ ಕಟ್ಟುವುದಂತೂ ಬೇಡವೇ ಬೇಡ. ಬಿಡಿಸಿಕೊಳ್ಳಲು ಹೋಗಿ ಕುರ್ಚಿ ಸಮೇತ ಬೀಳುತ್ತಾರೆ, ಕುತ್ತಿಗೆಗೆ ಸಿಕ್ಕಿಕೊಂಡರೆ ಜೀವವೇ ಹೋಗುತ್ತದೆ. ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಸಹ ಸಿಬ್ಬಂದಿ ಕೊರತೆಯ ಕಾರಣಕ್ಕೆ ಕಟ್ಟಿಹಾಕುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಔಷಧದ ಬಗ್ಗೆ ಇನ್ನೊಂದು ಮಾತು. ಆಲ್ಝೈಮರ್ಸ್‌ಗೆ ಚರ್ಮಕ್ಕೆ ಅಂಟಿಸುವ ರಿವಾಸ್ಟಿಗ್ಮಿನ್ ಪ್ಯಾಚ್ ಹಚ್ಚುವ ಮೊದಲು ಹಳೆಯದನ್ನು ಕಿತ್ತದ್ದನ್ನು ಕಣ್ಣಾರೆ ನೋಡಿ. ಬೆನ್ನ ಮೇಲೆ ಎರಡು ಮೂರು ಉಳಿದರೆ ವಾಂತಿ, ನಾಡಿ ನಿಧಾನವಾಗುವುದು, ಕುಸಿದು ಬೀಳುವುದು ಆಗುತ್ತದೆ. ಒಂದೇ ಜಾಗಕ್ಕೆ 14 ದಿನದೊಳಗೆ ಮತ್ತೆ ಹಚ್ಚಬಾರದು.

ಬಾಗಿಲು, ಗೇಟು, ಸಂಪ್

ಪಾಳಿ ಬದಲಾಗುವಾಗ ರಿಜಿಸ್ಟರ್ ನೋಡಿ ಎಣಿಸುವುದಲ್ಲ, ಇಬ್ಬರೂ ಒಟ್ಟಿಗೆ ಹೋಗಿ ಮುಖ ನೋಡಿ ಎಣಿಸಬೇಕು. ಬಾಗಿಲಿಗೆ ಗಂಟೆಯಿರಲಿ, ಆದರೆ ಬೆಂಕಿ ಬಿದ್ದರೆ ಓಡುವ ದಾರಿಗೆ ಬೀಗ ಜಡಿಯಬೇಡಿ. ಒಬ್ಬರು ಕಾಣದಿದ್ದರೆ ಮೊದಲು ನೋಡಬೇಕಾದದ್ದು ಸಂಪ್, ಆಮೇಲೆ ಟೆರೇಸು, ಸ್ನಾನದ ಮನೆ, ಪಕ್ಕದವರ ಹಾಸಿಗೆ. ಸಂಪಿನ ಮುಚ್ಚಳಕ್ಕೆ ಬೀಗ ಇರಲೇಬೇಕು, ಟ್ಯಾಂಕರ್ ಬಂದ ದಿನ ಮತ್ತೆ ಹಾಕಿದರೇ ಎಂದು ಪರೀಕ್ಷಿಸಿ. ಹತ್ತು ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ, ಜೊತೆಗೇ ಮನೆಯವರಿಗೆ. ಕೇಂದ್ರದ ಹೆಸರು ಕೆಡುತ್ತದೆಂದು ಕಾಯುವ ಒಂದು ಗಂಟೆಯಲ್ಲಿ ಅವರು ಹೈವೇ ತಲುಪಿರುತ್ತಾರೆ. ತಿಂಗಳಿಗೊಮ್ಮೆ ಎಲ್ಲರದ್ದೂ ಹೊಸ ಫೋಟೊ ಮೊಬೈಲಿನಲ್ಲಿರಲಿ.

ಹಾಸಿಗೆ ಹಿಡಿದ ಮೇಲೆ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಪೂರ್ತಿ ಪಕ್ಕಕ್ಕಲ್ಲ, ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಗೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತೇಲುವಂತಿರಲಿ. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ: ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಬಿಸಿ, ಗಡಸು ಮುಟ್ಟಿ ನೋಡಬೇಕು. ಆ ಜಾಗಕ್ಕೆ ಸ್ಪಿರಿಟ್, ಪೌಡರ್ ಬೇಡ, ತಿಕ್ಕುವುದೂ ಬೇಡ.

ನುಂಗುವುದು ಪೂರ್ತಿ ಕಷ್ಟವಾದಾಗ ಮೂಗಿನ ಟ್ಯೂಬಿನ ಮಾತು ಬರುತ್ತದೆ. ಕೊನೆಯ ಹಂತದ ಡಿಮೆನ್ಶಿಯಾದಲ್ಲಿ ಟ್ಯೂಬಿನಿಂದ ಆಯಸ್ಸು ಹೆಚ್ಚುತ್ತದೆ, ಶ್ವಾಸಕೋಶಕ್ಕೆ ಆಹಾರ ಹೋಗುವುದು ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಟ್ಯೂಬ್ ಕಿತ್ತುಕೊಳ್ಳದಂತೆ ಕೈ ಕಟ್ಟುವ ಪಾಡು ಮಾತ್ರ ಖಂಡಿತ. ಎಷ್ಟು ಇಳಿಯುತ್ತದೋ ಅಷ್ಟನ್ನು ಕೈಯಿಂದ, ನಿಧಾನವಾಗಿ ಕೊಡುವುದನ್ನೇ ವೃದ್ಧರ ವೈದ್ಯಶಾಸ್ತ್ರ ಸಲಹೆ ಮಾಡುತ್ತದೆ. ಈ ತೀರ್ಮಾನ ಮಧ್ಯರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಆಗಬಾರದು. ರೋಗ ಇನ್ನೂ ಮೊದಲ ಹಂತದಲ್ಲಿದ್ದು, ತಿಳಿದು ಹೇಳುವ ಶಕ್ತಿ ಇರುವವರು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ತಿಳಿಸುವ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಈ ಪತ್ರದ ಕ್ರಮ 2023ರಲ್ಲಿ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮೊದಲ ಹಂತದವರು ಕೇಂದ್ರಕ್ಕೆ ಸೇರುವಾಗಲೇ ಅವರೊಂದಿಗೂ ಮನೆಯವರೊಂದಿಗೂ ಈ ಮಾತು ಎತ್ತಿ, ಬರೆದರೆ ಅದರ ಪ್ರತಿಯೊಂದನ್ನು ಬೀರುವಿನ ಬಾಗಿಲಿನ ಹಾಳೆಯ ಜೊತೆಗೇ ಇಡಿ, ರಾತ್ರಿ ಪಾಳಿಯವರ ಕೈಗೆ ಸಿಗುವಂತೆ.